ಟಾಪಿಲ್ಲದ ಅಮೆಜಾನ್

ಇನ್ನೊಬ್ಬರ ಸೀರೆ ಕಂಡು ನನಗೆ ಹೊಟ್ಟೆ ಉರಿದದ್ದಿಲ್ಲ. ಒಡವೆ ಕಂಡೂ ಇಲ್ಲ. ಯಾರದಾದರೂ ಅಡುಗೆಮನೆ ದೊಡ್ಡದಾಗಿದ್ದರೆ ‘ಪಾಪ, ಅಷ್ಟನ್ನೂ ಒರೆಸಬೇಕಲ್ಲ’ ಅನ್ನಿಸುತ್ತದೆ, ಅಷ್ಟೆ. ಇಷ್ಟು ಕೇಳಿ ನೀವು ನನ್ನನ್ನು ಸಾಧ್ವಿಯರ ಸಾಲಿಗೆ ಸೇರಿಸುವ ಮೊದಲೇ ಹೇಳಿಬಿಡುತ್ತೇನೆ: ನನ್ನ ಹೊಟ್ಟೆಕಿಚ್ಚೆಲ್ಲ ಒಂದೇ ಕಡೆ ಒಟ್ಟಾಗಿ ಕೂತಿದೆ. ರಸ್ತೆಯ ಬದಿಯಲ್ಲಿ ಚೆನ್ನಾಗಿ ಸಾಕಿದ ಹಳೆಯ ಕಾರೊಂದು ನಿಂತಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಕಣ್ಣು ಮೊದಲು ಹೆಡ್‌ಲೈಟಿಗೆ, ಆಮೇಲೆ ಗ್ರಿಲ್ಲಿಗೆ, ಆಮೇಲೆ ಬಾಗಿಲ ಹಿಡಿಗೆ ಹೋಗುತ್ತದೆ. ಕೊನೆಗೆ ಅದರ ಒಡೆಯ ಬಂದು, ಬೀಗ ತೆಗೆದು, ಕೂತು, ಹೊರಟುಹೋದಾಗ ನನ್ನದೇ ವಸ್ತುವನ್ನು ಯಾರೋ ನನ್ನ ಕಣ್ಣೆದುರೇ ಎತ್ತಿಕೊಂಡು ಹೋದ ಹಾಗೆ ಒಳಗೆ ಚುರ್ ಅನ್ನುತ್ತದೆ.

ಇದು ಸ್ವೀಡನ್ನಿಗೆ ಬಂದ ಮೇಲೆ ಹಿಡಿದ ರೋಗವಲ್ಲ. ಚಾಮರಾಜಪೇಟೆಯಲ್ಲಿ ನಮ್ಮ ಬೀದಿಯ ಕೊನೆಗೆ ಮದುವೆ ಮೆರವಣಿಗೆಗೆ ಕಾರು ಬಾಡಿಗೆಗೆ ಕೊಡುವವರೊಬ್ಬರಿದ್ದರು. ಅವರ ಬಳಿ ಒಂದು ಹಳೆಯ ವಿಲಾಯಿತಿ ಓಪನ್ ಕಾರಿತ್ತು. ಸಂಜೆ ಅದರ ಮೈತುಂಬ ಸೇವಂತಿಗೆ, ಕನಕಾಂಬರ, ಸೀರಿಯಲ್ ಸೆಟ್ಟು. ಬ್ಯಾಂಡಿನ ಸದ್ದು ಕೇಳಿದ ತಕ್ಷಣ ಅಕ್ಕಪಕ್ಕದ ಹೆಂಗಸರೆಲ್ಲ ಗೇಟಿಗೆ ಬಂದು ಹೆಣ್ಣು ಹೇಗಿದ್ದಾಳೆ, ಏನು ಹಾಕಿದ್ದಾಳೆ ಎಂದು ನೋಡುತ್ತಿದ್ದರೆ, ನಾನು ಹೂವಿನ ಸಂದಿನಲ್ಲಿ ಬಂಪರ್ ಹುಡುಕುತ್ತಿದ್ದೆ. ನನ್ನ ಮದುವೆಗೆ ಅದೇ ಕಾರು ಎಂದು ಬಹಳ ಹಿಂದೆಯೇ ನಿಶ್ಚಯಿಸಿಕೊಂಡಿದ್ದೆ; ವರನ ನಿಶ್ಚಯವಾದದ್ದು ಆಮೇಲೆ. ಆದರೆ ನನ್ನ ಮದುವೆಯ ದಿನ ಊರಿಗೆಲ್ಲ ಮುಹೂರ್ತ. ಕಾರು ಬೇರೆ ಛತ್ರಕ್ಕೆ ಹೋಯಿತು. ನಾನು ಬಿಳಿಯ ವ್ಯಾನಿನಲ್ಲಿ ಮುದುಡಿ ಕೂತು ಹೋಗುತ್ತಿರುವಾಗ ಸಿಗ್ನಲ್ಲಿನಲ್ಲಿ ಇನ್ನೊಬ್ಬ ಮದುಮಗಳು ನನ್ನ ಕಾರಿನಲ್ಲಿ ರಾಣಿಯ ಹಾಗೆ ಹಾದುಹೋದಳು. ಅವಳ ಗಂಡ ಹೇಗಿದ್ದ ಎಂದು ನಾನು ನೋಡಲಿಲ್ಲ.

ನನ್ನ ಗಂಡ ಶ್ರೀಧರ ಒಳ್ಳೆಯವನು. ಅವನಿಗೆ ಕಾರುಗಳಲ್ಲಿ ಎರಡೇ ಜಾತಿ: ಬರುತ್ತಿರುವುದು, ಹೋಗುತ್ತಿರುವುದು. ನನ್ನ ಕಂಪನಿ ನನ್ನನ್ನು ಸ್ಟಾಕ್‌ಹೋಮಿಗೆ ಕಳಿಸಿದಾಗ ಅವನೂ ಇಲ್ಲೇ ಕೆಲಸ ಹುಡುಕಿಕೊಂಡು ಬಂದ. ಬಹಳ ಅಲೆದಾಡಿದ ಮೇಲೆ ಊರ ನಡುವಿನ ಸೋದರ್‌ಮಾಲ್ಮ್ ಎಂಬ ಬಡಾವಣೆಯಲ್ಲಿ ನಾಲ್ಕನೆಯ ಮಹಡಿಯ ಒಂದು ಪುಟ್ಟ ಮನೆ ಸಿಕ್ಕಿತು. ಬಡಾವಣೆಯ ಹೆಸರು ನಮ್ಮಮ್ಮನ ಬಾಯಲ್ಲಿ ನಿಲ್ಲದೆ ‘ಸೋದರಮಾವ’ ಆಯಿತು. “ಸೋದರಮಾವನ ಹತ್ರ ಚಳಿ ಹೇಗಿದೆ?” ಎಂದು ಫೋನಿನಲ್ಲಿ ಕೇಳುತ್ತಾರೆ. ಸೋದರಮಾವನ ಮನೆ ಅಂದರೆ ಕೇಳಿದ್ದು ಸಿಗುವ ಜಾಗವಷ್ಟೆ? ನನಗೂ ಹಾಗೇ ಆಯಿತು. ಅಷ್ಟೊಂದು ಹಳೆಯ ಕಾರುಗಳನ್ನು ಒಂದೇ ಕಡೆ ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಈ ಊರಿನ ಕಾರುಗಳಿಗೆ ಒಂದು ಚಾತುರ್ಮಾಸ್ಯವಿದೆ. ನಮ್ಮ ಸ್ವಾಮಿಗಳದು ನಾಲ್ಕು ತಿಂಗಳು, ಇವುಗಳದು ಆರು. ಮೊದಲ ಹಿಮ ಬೀಳುವ ಮುಂಚೆ ಹಳೆಯ ಕಾರುಗಳೆಲ್ಲ ಬೆಚ್ಚಗಿನ ಗ್ಯಾರೇಜು ಸೇರಿ, ಮೇಲೆ ಹೊದಿಕೆ ಎಳೆದುಕೊಂಡು ಧ್ಯಾನಕ್ಕೆ ಕೂರುತ್ತವೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅದಕ್ಕೆ. ಉಪ್ಪು ತಿಂದವನು ನೀರು ಕುಡಿಯಬೇಕು. ಉಪ್ಪು ತಿಂದ ಕಾರು ತುಕ್ಕು ಹಿಡಿಯಬೇಕು. ವಸಂತದಲ್ಲಿ ರಸ್ತೆಯ ಉಪ್ಪು, ಮರಳು ಎಲ್ಲ ಗುಡಿಸಿ ತೊಳೆದು, ಬರ್ಚ್ ಮರದಲ್ಲಿ ಇಲಿಕಿವಿಯಷ್ಟು ಚಿಗುರು ಕಂಡಾಗ ಒಂದೊಂದೇ ಹೊರಗೆ ಬರುತ್ತವೆ. ಬೇಕರಿಯ ಮುಂದೆ ಬೆನ್ನು ಗೂನಾದ ಒಂದು ಪುಟ್ಟ ಕಪ್ಪು ಕಾರು. ಚರ್ಚಿನ ಗೋಡೆಗೆ ಒರಗಿದಂತೆ, ಬಾಲಕ್ಕೆ ಮೀನಿನ ರೆಕ್ಕೆ ಕಟ್ಟಿಕೊಂಡ ಅಮೆರಿಕದ ಹಡಗು. ನೆಲಕ್ಕೆ ಹೊಟ್ಟೆ ತಾಗುವ ಹಾಗೆ ತಗ್ಗಿಸಿ, ಬಾನೆಟ್ಟಿನ ಮೇಲೆ ಬೆಂಕಿಯ ನಾಲಗೆ ಬರೆಸಿಕೊಂಡ ಒಂದು ಪಿಕಪ್ ಬೇರೆ. ಅದು ರೋಡ್ ಹಂಪಿನ ಮೇಲೆ ‘ಕರ್ರ್’ ಎಂದು ಹೊಟ್ಟೆ ಉಜ್ಜಿಕೊಂಡು ಹೋದಾಗ ನೋವಾಗುತ್ತಿದ್ದದ್ದು ನನಗೆ. ನಾನು ಭುಜಕ್ಕೆ ಒಂದು ಡಿಜಿಟಲ್ ಕ್ಯಾಮೆರಾ ಹಾಕಿಕೊಂಡು ಶನಿವಾರ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಶ್ರೀಧರನೇ ಅನ್ನಕ್ಕಿಡಬೇಕು.

ಒಂದು ವಿಚಿತ್ರ ಗಮನಿಸಿದ್ದೇನೆ. ಈ ದೇಶದಲ್ಲಿ ಮೆರೆಯುವಂತಿಲ್ಲ. ಹೊಸ ದುಬಾರಿ ಕಾರು ಕೊಂಡವನು ಅಕ್ಕಪಕ್ಕದವರ ಮುಂದೆ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಪಾರ್ಕ್ ಮಾಡುತ್ತಾನೆ. ಆದರೆ ಹಳೆಯ ಕಾರಿಗೆ ಮಾತ್ರ ವಿನಾಯಿತಿ. ಅದನ್ನು ಉಜ್ಜಿ ಉಜ್ಜಿ ಹೊಳೆಸಬಹುದು, ಕಿಟಕಿಗೆ ಮೊಣಕೈ ಇಟ್ಟುಕೊಂಡು ನಿಧಾನಕ್ಕೆ ಓಡಿಸಬಹುದು, ಯಾರೂ ಏನೂ ಅನ್ನುವುದಿಲ್ಲ. ಅನ್ನುವುದಿಲ್ಲ, ಆದರೆ ಒಳಗೊಳಗೇ ಉರಿದುಕೊಳ್ಳುತ್ತಾರೆ. ಸ್ವೀಡಿಷ್ ಕ್ಲಾಸಿನಲ್ಲಿ ನಮ್ಮ ಟೀಚರು ಇದಕ್ಕೆ ‘ರಾಜಮರ್ಯಾದೆಯ ಸ್ವೀಡಿಷ್ ಹೊಟ್ಟೆಕಿಚ್ಚು’ ಎಂಬ ಮಾತೇ ಇದೆ ಎಂದು ಹೆಮ್ಮೆಯಿಂದ ಹೇಳಿದರು. ಅವರ ಭಾಷೆಯಲ್ಲಿ ಅಸೂಯೆಗೆ ಇರುವ ಪದದ ಬಾಲದಲ್ಲಿ ‘ಕಾಯಿಲೆ’ ಎಂಬ ಅರ್ಥ ಅಂಟಿಕೊಂಡಿದೆ. ಹಾಗಾದರೆ ಇದಕ್ಕೆ ಸಿಕ್ ಲೀವ್ ಹಾಕಬಹುದೇ ಎಂದು ಕೇಳಬೇಕೆನ್ನಿಸಿತು, ವ್ಯಾಕರಣ ಕೂಡಿಬರಲಿಲ್ಲ. ನಮ್ಮವರು ಮಾತ್ರ ಇದನ್ನು ಕಾಯಿಲೆ ಅನ್ನದೆ ಅರಿಷಡ್ವರ್ಗದ ಕೊನೆಯ ಖುರ್ಚಿಯಲ್ಲಿ ಕೂರಿಸಿದರು. ಕೊನೆಯದೇ ಯಾಕೆ? ನನಗೆ ತೋಚಿದ್ದು ಇಷ್ಟು: ಮುಂದಿನ ಐವರು ತಮಗೆ ಬೇಕಾದದ್ದನ್ನು ತಾವೇ ಹುಡುಕಿಕೊಂಡು ಹೋಗುವವರು. ಮಾತ್ಸರ್ಯ ಹಾಗಲ್ಲ. ಅದು ಬೇರೆ ಯಾರಿಗಾದರೂ ಸಿಗುವವರೆಗೆ ಸುಮ್ಮನೆ ಕಾಯುತ್ತದೆ, ಸಿಕ್ಕಮೇಲೆ ಎದ್ದೇಳುತ್ತದೆ. ಕಾದು ಕಾದು ಸಾಲಿನ ಹಿಂದಕ್ಕೆ ಬಿದ್ದಿದೆ.

ನಾನು ಕಾಯುತ್ತಿದ್ದದ್ದು ಒಂದೇ ಒಂದು ಕಾರಿಗೆ. ನಮ್ಮ ಮನೆಯಿಂದ ಕೆಳಗೆ ನೀರಿನ ಕಡೆಗೆ ಇಳಿಯುವ ಏರಿನಲ್ಲಿ, ಬಂಡೆಯನ್ನೇ ಕೊರೆದು ಮಾಡಿದ ಒಂದು ಗ್ಯಾರೇಜಿದೆ. ಹಸಿರು ಬಣ್ಣದ ಕಬ್ಬಿಣದ ಬಾಗಿಲು. ಅದರೊಳಗೆ ಒಂದು ಅಮೆಜಾನ್ ಇದೆ ಎಂದು ಕೆಳಗಿನ ಮನೆಯಾತ ಹೇಳಿದ್ದ. ಅಮೆಜಾನ್ ಎಂದರೆ ಇಲ್ಲಿಯವರಿಗೆ ನದಿಯೂ ಅಲ್ಲ, ಪುಸ್ತಕದಂಗಡಿಯೂ ಅಲ್ಲ. ನಮಗೆ ಅಂಬಾಸಿಡರ್ ಇದ್ದ ಹಾಗೆ, ಅವರ ಅಪ್ಪ-ಅಮ್ಮಂದಿರ ಕಾಲದಲ್ಲಿ ಮನೆಮಾತಾಗಿದ್ದ ಕಾರು. ಅದೇನೂ ಅಪರೂಪವಲ್ಲ. ಆದರೆ ಈ ಅಮೆಜಾನಿಗೆ ಟಾಪಿಲ್ಲವಂತೆ. ಅಂಥದ್ದನ್ನು ಕಾರ್ಖಾನೆಯವರು ಮಾಡಿ ಮಾರಿದ್ದಿಲ್ಲ. ಅಂದರೆ ಯಾರೋ ಕೈಯಾರೆ ಮಾಡಿದ್ದು. ವರ್ಷಕ್ಕೊಂದು ಸಲ, ಬೇಸಿಗೆಯ ಮೊದಲಲ್ಲಿ, ಸರ್ಕಾರದ ನಿಯಮದ ಪ್ರಕಾರ ತಪಾಸಣೆಗೆ ಹೋಗಿಬರಲು ಹೊರಗೆ ತೆಗೆಯುತ್ತಾರಂತೆ. ಟ್ರಂಕಿನಲ್ಲಿಟ್ಟ ರೇಷ್ಮೆಸೀರೆಗೆ ವರ್ಷಕ್ಕೊಮ್ಮೆ ಗಾಳಿ ಹಾಕುವ ಹಾಗೆ. ನಾನು ಎರಡು ಬೇಸಿಗೆ ಆ ಹಸಿರು ಬಾಗಿಲನ್ನು ಕಾದೆ. ಒಂದು ಸಲ ಬೆಂಗಳೂರಿಗೆ ಹೋಗಿದ್ದಾಗ ಬಂದುಹೋಯಿತು. ಇನ್ನೊಂದು ಸಲ ನಾನು ಮೀಟಿಂಗಿನಲ್ಲಿದ್ದೆ.

ಈಗ ಶೋಭಾಳ ವಿಷಯಕ್ಕೆ ಬರಬೇಕು. ಶೋಭಾ ನನ್ನ ಕಾಲೇಜಿನ ಗೆಳತಿ. ಇಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದೂರದ ಉಪ್ಸಾಲಾದಲ್ಲಿ ಔಷಧಿ ಕಂಪನಿಯೊಂದರಲ್ಲಿ ಕೆಲಸ. ಅದೃಷ್ಟಕ್ಕೆ ಮನುಷ್ಯರೂಪ ಬಂದರೆ ಅದು ಅವಳ ಹಾಗೇ ದುಂಡಗೆ, ನಗುನಗುತ್ತಾ ಇರುತ್ತದೆ. ಬಂದ ತಿಂಗಳಲ್ಲೇ ಅವಳಿಗೆ ಮನೆ ಸಿಕ್ಕಿತು. ನಾವು ಪೆಟ್ಟಿಗೆ ಹೊತ್ತುಕೊಂಡು ಬಾಡಿಗೆಯಿಂದ ಬಾಡಿಗೆಗೆ ಅಲೆದೆವು. ಅವಳ ಮಗನಿಗೆ ದಾಗಿಸ್‌ನಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಮನೆಯೆದುರೇ ಜಾಗ ಸಿಕ್ಕಿತು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಲಕ್ಕಿ ಡಿಪ್ ಎತ್ತಿದರೆ ಮಿಕ್ಸಿ ಅವಳಿಗೇ. ಮಿಕ್ಸಿ ಗೆದ್ದುಕೊಂಡು “ಅಯ್ಯೋ, ನಮ್ಮನೇಲಿ ಎರಡಿದೆ ಕಣ್ರೀ” ಎಂದು ಮುಖ ಸಣ್ಣಗೆ ಮಾಡುತ್ತಾಳೆ. ಆದರೂ ಅವಳನ್ನು ಕಂಡರೆ ನನಗೆ ಪ್ರಾಣ. ಈ ಪ್ರಾಣ, ಆ ಉರಿ, ಎರಡೂ ಒಂದೇ ಹೊಟ್ಟೆಯಲ್ಲಿ ಹೇಗಿರುತ್ತವೆ ಎಂದು ಕೇಳಬೇಡಿ. ಒಲೆ ಉರಿಯುವ ಅಡುಗೆಮನೆಯಲ್ಲೇ ಅಲ್ಲವೆ ಹಾಲೂ ಇರುವುದು?

ಮೇ ತಿಂಗಳಲ್ಲಿ ಇಲ್ಲಿ ಒಂದು ಗುರುವಾರ ಹಬ್ಬದ ರಜೆ ಬರುತ್ತದೆ. ಶನಿವಾರ ಹೇಗೂ ರಜೆ. ನಡುವೆ ಸಿಕ್ಕಿಕೊಂಡ ಶುಕ್ರವಾರಕ್ಕೆ ಇವರು ‘ಇಕ್ಕಟ್ಟಿನ ದಿನ’ ಎಂದು ಹೆಸರಿಟ್ಟು, ಪಾಪ ಅದಕ್ಕೂ ಬಿಡುಗಡೆ ಕೊಟ್ಟಿದ್ದಾರೆ. ಆ ಶುಕ್ರವಾರ ಶೋಭಾ ಒಬ್ಬಳೇ ಊಟಕ್ಕೆ ಬರುವವಳಿದ್ದಳು. ಹೋಳಿಗೆ ಮಾಡು ಎಂದು ವಾರದಿಂದ ಪೀಡಿಸಿದ್ದಳು. ಅದೇ ದಿನ ಬೆಳಗ್ಗೆ ಕೆಳಗಿನ ಮನೆಯಾತ ಮೆಟ್ಟಿಲಲ್ಲಿ ಸಿಕ್ಕು, “ಇವತ್ತು ನಿನ್ನ ಅಮೆಜಾನ್ ಹೊರಗೆ ಬರುತ್ತದೆ, ತಪಾಸಣೆಯಂತೆ” ಎಂದ. ಹೂರಣ ರುಬ್ಬಿಟ್ಟು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಬಾಲ್ಕನಿಯಲ್ಲೇ ಕಣಕ ನಾದುತ್ತಾ ನಿಂತೆ.

ಆಗ ನೆನಪಾಯಿತು: ಅವತ್ತು ನನ್ನ ಬಟ್ಟೆ ಒಗೆಯುವ ಸರದಿ.

ಇಲ್ಲಿ ಇಡೀ ಕಟ್ಟಡಕ್ಕೆ ನೆಲಮಾಳಿಗೆಯಲ್ಲಿ ಒಂದೇ ಬಟ್ಟೆಕೋಣೆ. ಸರದಿಯನ್ನು ಮೊದಲೇ ಬರೆಸಿಡಬೇಕು. ತಡವಾದರೆ ಬೇರೆಯವರು ನುಗ್ಗುತ್ತಾರೆ, ನುಗ್ಗಿದ್ದಲ್ಲದೆ ಗೋಡೆಗೆ ಸಿಟ್ಟಿನ ಚೀಟಿ ಅಂಟಿಸುತ್ತಾರೆ. ಜಗತ್ತಿಗೆಲ್ಲ ಶಾಂತಿ ಬೋಧಿಸುವ ಈ ಜನ ಕಚ್ಚಾಡುವುದು ಇದೊಂದೇ ಕೋಣೆಯಲ್ಲಿ. ಐದೇ ನಿಮಿಷ ಎಂದು ಹಾಸಿಗೆ ಹೊದಿಕೆಗಳ ಮೂಟೆ ಹೊತ್ತು ಇಳಿದೆ. ಇಳಿದಮೇಲೆ ಮೆಶಿನ್ ಬಾಗಿಲು ಕಚ್ಚಿಕೊಂಡಿತು. ಹಿಂದಿನವರ ಕಾಲುಚೀಲಗಳು ಡ್ರೈಯರಿನೊಳಗೆ ಉಳಿದಿದ್ದವು, ಅವನ್ನು ಜೋಡಿ ಮಾಡಿಟ್ಟೆ. ಅಲ್ಲಿ ಕಿಟಕಿಯಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ನನ್ನ ಫೋನಂತೂ ಮೇಲೆ ಹೂರಣದ ಪಕ್ಕದಲ್ಲೇ ಇತ್ತು.

ಮೇಲೆ ಬಂದು ಓಡಿಹೋಗಿ ನೋಡಿದೆ. ಏರಿನಲ್ಲಿ ಯಾರೂ ಇಲ್ಲ. ಹಸಿರು ಬಾಗಿಲು ಮುಚ್ಚಿತ್ತು. ಸರಿ, ಇನ್ನೂ ಬಂದಿಲ್ಲ ಎಂದು ಸಮಾಧಾನ ಮಾಡಿಕೊಂಡು, ಫೋನಿನ ಕಡೆ ನೋಡದೆ, ಹೋಳಿಗೆ ತಟ್ಟತೊಡಗಿದೆ. ಶೋಭಾ ಬರುವ ಹೊತ್ತು ಮೀರಿತು. ಬಿಸಿಬೇಳೆಬಾತು ಆರಿತು. ಶ್ರೀಧರ ಎರಡು ಸಲ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೋದ. ಕೊನೆಗೂ ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಶೋಭಾ; ಕೆನ್ನೆ ಕೆಂಪಗೆ, ಕೂದಲು ಹಕ್ಕಿಗೂಡು.

“ಎಲ್ಲೇ ಹಾಳಾಗಿ ಹೋಗಿದ್ದೆ?” ಎಂದೆ.

“ಸಾರಿ, ಸಾರಿ, ಸಾರಿ. ಎಂಥಾ ಮಜಾ ಆಯ್ತು ಗೊತ್ತಾ? ಮೊದ್ಲು ಬಿಸಿ ನೀರು ಕೊಡು ಕಣೇ, ಗಂಟ್ಲು ಕಟ್ಟಿದೆ.” ಕೂತವಳೇ ಶುರುಮಾಡಿದಳು. “ನಿಮ್ಮ ಏರು ಹತ್ತಿ ಬರ್ತಿದ್ನಾ, ಅಲ್ಲೊಬ್ರು ಆಂಟಿ ಬಂಡೆ ಒಳಗಿಂದ ಕಾರು ರಿವರ್ಸ್ ತೆಗೀತಿದ್ರು. ಈ ಕಡೆ ಲೈಟುಕಂಬ, ಆ ಕಡೆ ಸೈಕಲ್‌ಗಳು. ಎಲ್ರೂ ಸುಮ್ನೆ ನೋಡ್ಕೊಂಡು ಹೋಗ್ತಿದಾರೆ, ಒಬ್ರೂ ಬಾಯಿ ಬಿಡಲ್ಲ. ನನಗೆ ತಡೀಲಿಲ್ಲಪ್ಪ. ಹಿಂದೆ ಹೋಗಿ ನಿಂತ್ಕೊಂಡು, ‘ಬರ್ಲಿ ಬರ್ಲಿ ಬರ್ಲಿ, ಲೆಫ್ಟ್ ಕಟ್, ಬರ್ಲಿ, ಹೋಲ್ಡ್!’ ಅಂತ ಕೂಗಿ ಡಿಕ್ಕಿ ಮೇಲೆ ಎರಡು ಬಾರಿಸ್ದೆ.”

“ಡಿಕ್ಕಿ ಮೇಲೆ ಬಾರಿಸ್ದ್ಯಾ?”

“ಮತ್ತೆ? ಕನ್ನಡದಲ್ಲಿ ಕೂಗಿದ್ರೆ ಅವ್ರಿಗೆ ನಿಲ್ಸೋದು ಹೇಗೆ ಗೊತ್ತಾಗತ್ತೆ?”

“ಯಾವ ಕಾರು?”

“ಏನೋ ಹಳೇ ಕಾರು. ಟಾಪೇ ಇರ್ಲಿಲ್ಲ ಅದಕ್ಕೆ. ಆಂಟಿಗೆ ಎಷ್ಟು ಖುಷಿಯಾಯ್ತು ಅಂದ್ರೆ, ‘ತಪಾಸಣೆ ಜಾಗದಲ್ಲೂ ರಿವರ್ಸ್ ತೆಗೀಬೇಕು, ನೀನೂ ಬಾ’ ಅಂತ ಕೂರಿಸ್ಕೊಂಡೇ ಹೋದ್ರು. ಪಾಸಾಯ್ತು ಕಣೇ! ಆಮೇಲೆ ಅಲ್ಲೇ ಕಾಫಿ, ಬನ್ನು. ಚಳಿ ಅಂದ್ರೆ ಚಳಿ, ನನ್ನ ಕಿವಿ ನೋಡು.”

ನಾನು ಅವಳ ಕಿವಿ ನೋಡಲಿಲ್ಲ. ಎಂಥ ಬಣ್ಣ ಎಂದೆ. ನೀಲಿ ಎಂದಳು, ಆಮೇಲೆ ಇಲ್ಲ ಹಸಿರು ಎಂದಳು, ಕೊನೆಗೆ “ನಮ್ಮತ್ತೆಯ ಹಳೇ ಧರ್ಮಾವರಂ ಸೀರೆ ಇದೆಯಲ್ಲ, ಆ ಥರ” ಎಂದಳು. ಸೀಟು? ಕೂರೋ ಥರಾನೇ ಇತ್ತು. ಗೇರು ನೆಲದ ಮೇಲಿತ್ತೋ ಸ್ಟೀರಿಂಗಿನ ಪಕ್ಕ ಇತ್ತೋ? ನೋಡ್ಲಿಲ್ಲಪ್ಪ. ಫೋಟೋ? ಓ, ಫೋಟೋ ಇದೆ! ಮೊಬೈಲ್ ತೆಗೆದು ತೋರಿಸಿದಳು. ಬೆರಳಗಲದ ಪರದೆಯ ತುಂಬ ಶೋಭಾಳ ಮುಖ. ಅವಳ ಹಲ್ಲು. ಅವಳ ಎಡಗಿವಿಯ ಹಿಂದೆ, ದೇವರು ದಯಮಾಡಿಸಿದ ಹಾಗೆ, ಅರ್ಧ ರಿಯರ್‌ವ್ಯೂ ಮಿರರ್.

ನೀವು ನಗುತ್ತೀರಿ. ನಾನೂ ಈಗ ನಗುತ್ತೇನೆ. ಆಗ ನಗು ಬರಲಿಲ್ಲ. ಎರಡು ವರ್ಷ ಆ ಬಾಗಿಲ ಮುಂದೆ ನಾನು ನಿಂತದ್ದು, ಮಳೆಯಲ್ಲೂ ನಿಂತದ್ದು, ಎಲ್ಲ ಒಟ್ಟಿಗೆ ನಾಲಗೆಗೆ ಬಂತು.

“ನಿನಗೆ ಬೇಡದ್ದೆಲ್ಲ ನಿನಗೇ ಸಿಗತ್ತೆ, ಅಲ್ವಾ?” ಎಂದೆ. “ಯೋಗ್ಯತೆ ಇಲ್ಲದೋರಿಗೇ ಎಲ್ಲಾ ಕೊಡೋದು ದೇವ್ರು.”

ಮಾತು ಬಾಯಿಂದ ಬಿದ್ದ ಮೇಲೆ ಅದು ಎಷ್ಟು ದೊಡ್ಡದಿದೆ ಎಂದು ಗೊತ್ತಾಯಿತು. ಮನೆ, ದಾಗಿಸ್, ಮಿಕ್ಸಿ, ಎಲ್ಲ ಅದರೊಳಗಿತ್ತು. ಶೋಭಾ ಮೊಬೈಲನ್ನು ಮೆಲ್ಲಗೆ ಮುಚ್ಚಿ ಬ್ಯಾಗಿಗೆ ಹಾಕಿದಳು. ಅವಳ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಅದೇ ಮೊದಲು ಕಂಡದ್ದು, ಗುರುತೇ ಸಿಗಲಿಲ್ಲ. “ನಾನು ಹೊರಡ್ತೀನಿ ವಸು” ಎಂದಳು. ಆಮೇಲೆ, ನನ್ನನ್ನು ನೋಡದೆ, ಟೇಬಲ್ಲಿಗೆ ಹೇಳುವಂತೆ ಹೇಳಿದಳು: “ನಿಮ್ಮನೆ ಕೆಳಗೆ ಬಂದಿದ್ವಿ ನಾವು. ಹೋಗೋ ಮುಂಚೆ. ಇಂಥಾ ಕಾರು ಅಂದ್ರೆ ನನ್ನ ಫ್ರೆಂಡಿಗೆ ಹುಚ್ಚು, ಒಂದು ನಿಮಿಷ ತೋರಿಸ್ಬೇಕು ಅಂತ ಆಂಟಿನ ನಾನೇ ಬೇಡ್ಕೊಂಡೆ. ಫೋನ್ ಮಾಡ್ದೆ, ಎತ್ಲಿಲ್ಲ. ಮೂರು ಸಲ ಹಾರ್ನ್ ಹೊಡೆದ್ವಿ. ನೀನು ಬರ್ಲಿಲ್ಲ.”

ಆಗ ಶ್ರೀಧರ, ಅಲ್ಲಿಯವರೆಗೆ ಹೋಳಿಗೆಯ ತಟ್ಟೆಯನ್ನೇ ನೋಡುತ್ತಿದ್ದವನು, ತಲೆಯೆತ್ತಿದ. “ಓ! ಅದು ನೀವಾ? ಹಾರ್ನ್ ಕೇಳಿ ನಾನು ಬಾಲ್ಕನಿಗೆ ಬಂದೆ. ಯಾರೋ ಕೈ ಬೀಸಿದ್ರು. ಈ ಊರಲ್ಲಿ ಯಾರು ಕೈ ಬೀಸ್ತಾರೆ ಪಾಪ ಅಂತ ನಾನೂ ಬೀಸ್ದೆ. ಕನ್ನಡಕ ಹಾಕಿರ್ಲಿಲ್ಲ.”

“ನೀವು ನೋಡಿದ್ರಾ?” ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. “ಕಾರು ನೋಡಿದ್ರಾ?”

“ಕಾರು ಇತ್ತು” ಎಂದ ಶ್ರೀಧರ.

ಅಂದರೆ ಜಗತ್ತಿನಲ್ಲಿ ಆ ಕಾರನ್ನು ನೋಡದವಳು ನಾನೊಬ್ಬಳೇ. ನಾನು ನೆಲಮಾಳಿಗೆಯಲ್ಲಿ ಯಾರದೋ ಕಾಲುಚೀಲ ಜೋಡಿಸುತ್ತಿರುವಾಗ ಅದು ನನ್ನ ಮನೆಯ ಮುಂದೆ ಬಂದು, ನನ್ನನ್ನೇ ಕೂಗಿ, ಹೋಗಿದೆ. ಆದರೆ ಆ ಹೊತ್ತಿಗೆ ನನ್ನನ್ನು ಚುಚ್ಚಿದ್ದು ಅದಲ್ಲ. ಶೋಭಾ ಚಪ್ಪಲಿ ಹಾಕಿಕೊಳ್ಳಲು ಬಾಗಿದ್ದಳು. ಅವಳಿಗೆ ಸಿಕ್ಕಿದ್ದರಲ್ಲಿ ಮೊದಲ ತುತ್ತನ್ನು ಅವಳು ನನಗೆಂದು ತಂದಿದ್ದಳು. ನನಗೇನಾದರೂ ಸಿಕ್ಕಿದ್ದರೆ ನಾನು ಉಪ್ಸಾಲಾದವರೆಗೆ ಕಾರು ತಿರುಗಿಸಲು ಹೇಳುತ್ತಿದ್ದೆನೆ?

ಕ್ಷಮೆ ಕೇಳುವುದು ನನಗೆ ಸ್ವೀಡಿಷಿನಲ್ಲಿ ಸುಲಭ, ಇಂಗ್ಲಿಷಿನಲ್ಲಿ ಇನ್ನೂ ಸುಲಭ. ಕನ್ನಡದಲ್ಲಿ, ಅದೂ ಹಳೆಯ ಗೆಳತಿಯ ಹತ್ತಿರ, ನಾಲಗೆ ಏಳುವುದಿಲ್ಲ. “ಶೋಭಾ, ಹೋಳಿಗೆ ಹಾಕ್ತೀನಿ, ಕೂತ್ಕೋ” ಎಂದೆ.

ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. “ತುಪ್ಪ ಇದ್ಯಾ?” ಎಂದಳು.

“ಇದೆ.”

“ಎರಡು ಹಾಕು ಹಾಗಾದ್ರೆ.”

ತಿನ್ನುತ್ತಾ ಉಳಿದದ್ದನ್ನೂ ಹೇಳಿದಳು. ಕಾರಿನ ಒಡತಿಯ ಹೆಸರು ಗುನ್ನೆಲ್. ಭಾನುವಾರ ಮಧ್ಯಾಹ್ನ ನನ್ನನ್ನು ಗ್ಯಾರೇಜಿಗೆ ಕಳಿಸುವುದಾಗಿ ಶೋಭಾ ಮಾತು ಕೊಟ್ಟು ಬಂದಿದ್ದಳು. “ಪಾಸಾದ ಖುಷಿಗೆ ಇನ್ನೊಂದ್ಸಲ ಹೊರಗೆ ತೆಗೀರಿ ಆಂಟಿ ಅಂದೆ. ಹೂಂ ಅಂದ್ರು.” ಎರಡು ಬೇಸಿಗೆ ನನಗೆ ತೆರೆಯದ ಬಾಗಿಲು ಇವಳ ಒಂದು ಮಾತಿಗೆ ತೆರೆದಿತ್ತು. ಇಲ್ಲಿ ಮತ್ತೆ ಸ್ವಲ್ಪ ಉರಿಯಿತು. ತುಪ್ಪ ನಾನೂ ಹಾಕಿಕೊಂಡೆ.

ಭಾನುವಾರ ನಾನು ಹೆಣ್ಣು ನೋಡಲು ಹೊರಟ ವರನ ಹಾಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದೆ. ಗುನ್ನೆಲ್ ಹಸಿರು ಬಾಗಿಲ ಮುಂದೆ ನಿಂತಿದ್ದರು. ಎತ್ತರದ, ಬಿಳಿಗೂದಲಿನ ಹೆಂಗಸು. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ, ಕಬ್ಬಿಣದ ಕೆಲಸ ಕಲಿಸುತ್ತಿದ್ದ ಟೀಚರು, ಈಗ ನಿವೃತ್ತಿ. ಹೆಚ್ಚು ಮಾತಿಲ್ಲ. ಒಳಗೆ ಹೋಗಿ ಹೊದಿಕೆಯನ್ನು ತುದಿಯಿಂದ ಮಡಿಸುತ್ತಾ ಮಡಿಸುತ್ತಾ ತೆಗೆದರು.

ಬಣ್ಣದ ವಿಷಯದಲ್ಲಿ ಶೋಭಾ ಹೇಳಿದ್ದೇ ಸರಿ. ಅದು ನೀಲಿಯೂ ಅಲ್ಲ, ಹಸಿರೂ ಅಲ್ಲ. ಹಳೆಯ ಧರ್ಮಾವರಂ ಸೀರೆಯದೇ. ನಾನು ಮೊಣಕಾಲೂರಿ ಕೂತು ಬಾಗಿಲಿನ ಸಂದು ನೋಡಿದೆ. ಟಾಪು ಕತ್ತರಿಸಿದ ಕಾರು ನಡು ಮುರಿದವರ ಹಾಗೆ ಕುಸಿಯುತ್ತದೆ, ಬಾಗಿಲು ಕೂಡುವುದಿಲ್ಲ. ಇಲ್ಲಿ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ನೆಲದ ಕೆಳಗೆ ಉದ್ದಕ್ಕೂ ಕಬ್ಬಿಣದ ಪಟ್ಟಿ ಬೆಸೆದು ಗಟ್ಟಿ ಮಾಡಿದ್ದರು. “ಇದು ಯಾರ ಕೆಲಸ?” ಎಂದು ಕೇಳಿದೆ.

“ನನ್ನದೇ” ಎಂದರು ಗುನ್ನೆಲ್. “ಒಂದು ಚಳಿಗಾಲ ಮನೆಯ ಚಾವಣಿಯಿಂದ ಮಂಜುಗಡ್ಡೆ ಜಾರಿ ಟಾಪಿನ ಮೇಲೆ ಬಿತ್ತು. ಚಪ್ಪಟೆಯಾಯಿತು. ಎತ್ತಿ ಸರಿಮಾಡಲು ನೋಡಿದೆ, ಆಗಲಿಲ್ಲ. ಕತ್ತರಿಸಿದೆ.” ಅಷ್ಟೇ ಕಥೆ. ಟಾಪು ಹೋಯಿತೆಂದು ಅವರು ಅತ್ತ ಹಾಗೂ ಕಾಣಲಿಲ್ಲ, ಟಾಪಿಲ್ಲದ್ದು ಬಂತೆಂದು ಮೆರೆದ ಹಾಗೂ ಕಾಣಲಿಲ್ಲ. ನನಗೆ ಕಾರಿನ ಮೇಲಿದ್ದ ಹೊಟ್ಟೆಕಿಚ್ಚು ಅಷ್ಟೂ ಆ ಕ್ಷಣದಲ್ಲಿ ಆ ಎರಡು ಕೈಗಳ ಮೇಲೆ ಹೋಗಿ ಕೂತಿತು. ಕಾರು ಯಾರಿಗಾದರೂ ಸಿಗಬಹುದು. ಆ ಕೈ ಯಾರಿಗೆ ಸಿಗುತ್ತದೆ?

ಹೊರಗೆ ತೆಗೆಯುವಾಗ ನಾನು ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದೆ. ಅಂದೆ ಅಷ್ಟೆ, ಕೂಗಲಿಲ್ಲ. ದಾರಿಯಲ್ಲಿ ಹೋಗುವವರು ಏನೆಂದುಕೊಂಡಾರು ಎಂಬ ನಾಚಿಕೆ. ಗುನ್ನೆಲ್ ಕತ್ತು ಹೊರಳಿಸಿ, “ನಿನ್ನ ಗೆಳತಿ ಬರಲಿಲ್ಲವೆ?” ಎಂದು ಕೇಳಿದರು. “ಅಷ್ಟು ವರ್ಷ ಪಾಠಮಾಡಿದೆ. ನನಗೆ ಅಂಥ ದನಿ ಇರಲಿಲ್ಲ. ಇದ್ದಿದ್ದರೆ!” ಅವರ ಕಣ್ಣಿನಲ್ಲಿ ನಾನು ಚೆನ್ನಾಗಿ ಬಲ್ಲ ಒಂದು ಹೊಳಪು ಮಿಂಚಿಹೋಯಿತು.

ನಂತರ ನಾವು ಹೋದೆವು. ಸೇತುವೆ ದಾಟಿ, ನೀರಿನ ಪಕ್ಕದ ರಸ್ತೆ ಹಿಡಿದು, ಓಕ್ ಮರಗಳ ಕೆಳಗೆ. ಮೇ ತಿಂಗಳ ಬಿಸಿಲನ್ನು ನಂಬಬಾರದು. ಹಿಂದಿರುಗುವಾಗ ಇದ್ದಕ್ಕಿದ್ದಂತೆ ಮೋಡ ಕಟ್ಟಿ, ಸಾಬಕ್ಕಿಯಂಥ ಆಲಿಕಲ್ಲು ಸುರಿಯಿತು. ನಮಗೆ ಮೇಲೆ ಏನೂ ಇಲ್ಲ. ಗುನ್ನೆಲ್ ಸೀಟಿನ ಕೆಳಗಿನಿಂದ ಒಂದು ಛತ್ರಿ ತೆಗೆದು ನನ್ನ ಕೈಗೆ ಕೊಟ್ಟರು. ಅವರು ಓಡಿಸಿದರು, ನಾನು ಇಬ್ಬರಿಗೂ ಛತ್ರಿ ಹಿಡಿದೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಒಂದು ಬಸ್ಸು ಬಂದು ನಿಂತಿತು. ಬೆಚ್ಚಗಿನ ಕಿಟಕಿಗಳಿಂದ ಜನ ನಮ್ಮನ್ನು ನೋಡುತ್ತಿದ್ದರು. “ನೋಡು, ಎಷ್ಟು ಬೆಚ್ಚಗಿದ್ದಾರೆ” ಎಂದರು ಗುನ್ನೆಲ್, ನಿಜವಾಗಿಯೂ ಆಸೆಯಿಂದ. ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಆ ಕಿಟಕಿಯಲ್ಲಿ ಒಬ್ಬಳು ಮೂಗನ್ನು ಗಾಜಿಗೆ ಒತ್ತಿ ನಮ್ಮ ಕಾರನ್ನು ತಿನ್ನುವ ಹಾಗೆ ನೋಡುತ್ತಿದ್ದಳು. ನಾನು ಅವಳ ಕೈಯಲ್ಲಿದ್ದ ಬಿಸಿ ಕಾಫಿಯನ್ನು ನೋಡುತ್ತಿದ್ದೆ. ಲೈಟು ಹಸಿರಾಯಿತು, ಇಬ್ಬರೂ ಹೋದೆವು.

ಸಂಜೆ ಮೈ ಒರೆಸಿಕೊಂಡು, ಎರಡು ಸ್ವೆಟರ್ ಹಾಕಿಕೊಂಡು, ಶೋಭಾಳಿಗೆ ಫೋನ್ ಮಾಡಿದೆ. ನೀರಿನ ಪಕ್ಕದ ದಾರಿಯಲ್ಲಿ ಬಹಳ ದೂರ ಹೋಗಿದ್ದೆವೆಂದು ಹೇಳಿದೆ.

“ಅಷ್ಟು ದೂರ ಕರ್ಕೊಂಡು ಹೋದ್ರಾ?” ಎಂದಳು ಶೋಭಾ. “ನನ್ನ ಬರೀ ತಪಾಸಣೆಗೆ ಕರ್ಕೊಂಡು ಹೋಗಿದ್ರಪ್ಪ.”

ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅದು ಅವಳ ಗಂಟಲಿನಿಂದ ಬಂದದ್ದು ಅದೇ ಮೊದಲು. ಮನಸ್ಸು ಒಂದು ಕ್ಷಣ ಹೋಳಿಗೆಯ ಹಾಗೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಆಮೇಲೆ, “ಏನು ಮಹಾ ಬಿಡೇ, ಆಲಿಕಲ್ಲಲ್ಲಿ ನೆನೆದು ತೊಪ್ಪೆಯಾದ್ವಿ. ಕೂತು ಕೂತು ಸೊಂಟ ಹಿಡ್ಕೊಂಡಿದೆ” ಎಂದೆ.

“ಸುಳ್ಳು ಹೇಳ್ಬೇಡ” ಎಂದಳು ಶೋಭಾ. “ಚೆನ್ನಾಗಿತ್ತಲ್ವಾ?”

“ಹೂಂ.”

“ಎಷ್ಟು ಚೆನ್ನಾಗಿತ್ತು? ಎಲ್ಲಾ ಹೇಳು. ಮೊದಲಿಂದ ಹೇಳು.”

ಹೇಳಿದೆ. ಹೊದಿಕೆ ತೆಗೆದದ್ದು, ಬಾಗಿಲಿನ ಸಂದು, ಕಬ್ಬಿಣದ ಪಟ್ಟಿ, ಗೇರು ಬದಲಾಯಿಸುವಾಗ ಬರುವ ಸದ್ದು, ಓಕ್ ಮರದ ನೆರಳು ನಮ್ಮ ಮಡಿಲ ಮೇಲೆ ಹಾದುಹೋದದ್ದು. ಶ್ರೀಧರನಿಗೆ ಇದನ್ನೇ ಹೇಳಹೊರಟಾಗ ಅವನು ಟೀವಿಯ ರಿಮೋಟು ಹುಡುಕಿದ್ದ. ಶೋಭಾ ಒಂದು ಸಲವೂ ನಡುವೆ ಬಾಯಿ ಹಾಕದೆ, ಆಮೇಲೆ, ಆಮೇಲೆ ಎಂದು ಕೇಳಿದಳು; ಸೀಟಿನ ಹೊಲಿಗೆಯ ಬಣ್ಣವನ್ನೂ ಬಿಡದೆ ಕೇಳಿದಳು. ಹೊಟ್ಟೆಕಿಚ್ಚು ಪಡುವವರಷ್ಟು ಮನಸ್ಸಿಟ್ಟು ನಮ್ಮ ಸುಖದ ಕಥೆಯನ್ನು ಇನ್ಯಾರು ತಾನೆ ಕೇಳುತ್ತಾರೆ?